ಟರ್ಬೊಚಾರ್ಜರ್ ಅಳವಡಿಸಿದ ವಾಹನಗಳಲ್ಲಿ ಇಂಟರ್‌ಕೂಲರ್ ತಂಪು ಹಾಗೂ ಎಳೆತದ ವಿಳಂಬ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಹೊಗೆ ತಪಾಸಣಾ ಪ್ರಮಾಣ ಪತ್ರ, ಬಾಡಿಗೆ ವಾಹನಗಳ ಅರ್ಹತಾ ಪತ್ರ (ಎಫ್.ಸಿ.), 15 ವರ್ಷ ಪೂರೈಸಿದ ಸ್ವಂತ ಕಾರುಗಳ ನೋಂದಣಿ ನವೀಕರಣ ಹಾಗೂ ವಾಹನದ ಮಾರ್ಪಾಡಿಗೆ ಅನುಮೋದನೆ ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಡೀಸೆಲ್ ಕಾರು, ಜೀಪು, ಟೆಂಪೊ ಮತ್ತು ಲಾರಿಗಳಲ್ಲಿ ಈಗ ಟರ್ಬೊಚಾರ್ಜರ್ ಇಲ್ಲದ ವಾಹನ ವಿರಳ. ಇತ್ತೀಚಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿಯೂ ಅದು ಸಾಮಾನ್ಯವಾಗಿದೆ. ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುವ ಇಂತಹ ವಾಹನದ ದೋಷವು ಕೆಲವೊಮ್ಮೆ ಇಂಜಿನ್ನಿನಲ್ಲಿರದೆ, ಇಂಟರ್‌ಕೂಲರಿಗೆ ಹೋಗುವ ಒಂದು ರಬ್ಬರ್ ಹೋಸಿನ ಬಿರುಕಿನಲ್ಲಿ ಇರುತ್ತದೆ. ಅದನ್ನರಿಯದೆ ಪಂಪು, ಇಂಜೆಕ್ಟರುಗಳಿಗೆ ಸಾವಿರಾರು ರೂಪಾಯಿ ವ್ಯಯಿಸುವುದು, ಅಥವಾ ಎಳೆತ ಹೆಚ್ಚಿಸುವ ಆಸೆಯಿಂದ ಕಾನೂನು ಒಪ್ಪದ ಮಾರ್ಪಾಡು ಮಾಡಿಸಿ ಅನಂತರ ಅರ್ಜಿ ತಿರಸ್ಕೃತವಾಗುವುದು, ಎರಡೂ ತಪ್ಪಿಸಬಹುದಾದ ನಷ್ಟಗಳು.

ಟರ್ಬೊಚಾರ್ಜರ್ ಮತ್ತು ಇಂಟರ್‌ಕೂಲರ್

ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸದಿಂದ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ಕಳುಹಿಸುವ ಸಾಧನವೇ ಟರ್ಬೊಚಾರ್ಜರ್. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೊದಲು ಹಡಗು ಮತ್ತು ವಿಮಾನಗಳ ಇಂಜಿನ್ನುಗಳಿಗೆ ಬಳಕೆಯಾಗಿ, 1962ರಲ್ಲಿ ಅಮೆರಿಕದಲ್ಲಿ ಕಾರುಗಳಿಗೆ ಬಂದಿತು. ಹೆಚ್ಚು ಗಾಳಿ ದೊರೆತರೆ ಹೆಚ್ಚು ಇಂಧನವನ್ನು ಪೂರ್ಣವಾಗಿ ಉರಿಸಬಹುದು. ಆದ್ದರಿಂದಲೇ ಸಣ್ಣ ಇಂಜಿನ್ ದೊಡ್ಡ ಇಂಜಿನ್ನಿನ ಕೆಲಸ ಮಾಡುತ್ತದೆ. ಕಾರುಗಳ ಟರ್ಬೊ ದಂಡವು ನಿಮಿಷಕ್ಕೆ ಒಂದು ಲಕ್ಷದಿಂದ ಎರಡು ಲಕ್ಷಕ್ಕೂ ಮಿಕ್ಕಿ ಸುತ್ತು ಸುತ್ತುತ್ತದೆ.

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ತಿಳಿದ ಸಂಗತಿ. ನಂಜನಗೂಡಿನಲ್ಲಿ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಟರ್ಬೊವಿನ ದಕ್ಷತೆ ಶೇಕಡ 70 ಎಂದಿಟ್ಟುಕೊಂಡಾಗ, ಹೊರಬರುವ ಗಾಳಿಯ ಉಷ್ಣತೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಬಿಸಿ ಗಾಳಿ ಹಿಗ್ಗಿರುವುದರಿಂದ ಅದೇ ಜಾಗದಲ್ಲಿ ಕಡಿಮೆ ಆಮ್ಲಜನಕ ಹಿಡಿಸುತ್ತದೆ. ಇದನ್ನು ಸರಿಪಡಿಸಲು ಟರ್ಬೊ ಮತ್ತು ಇಂಜಿನ್ನಿನ ನಡುವೆ ರೇಡಿಯೇಟರಿನಂತೆಯೇ ಕಾಣುವ ಅಲ್ಯೂಮಿನಿಯಂ ಜಾಲರಿಯೊಂದನ್ನು ಇರಿಸಲಾಗುತ್ತದೆ, ಅದೇ ಇಂಟರ್‌ಕೂಲರ್. ಸುಸ್ಥಿತಿಯಲ್ಲಿರುವ ಇಂಟರ್‌ಕೂಲರ್ 130 ಡಿಗ್ರಿಯ ಗಾಳಿಯನ್ನು 65 ಡಿಗ್ರಿಯ ಆಸುಪಾಸಿಗೆ ಇಳಿಸಬಲ್ಲುದು. ಇದರಿಂದ ಗಾಳಿಯ ಸಾಂದ್ರತೆಯಲ್ಲಿ ಸುಮಾರು ಶೇಕಡ 20ರಷ್ಟು ಲಾಭ. ಜಾಲರಿಯಲ್ಲಿ ಧೂಳು ಕಟ್ಟಿ 90 ಡಿಗ್ರಿಗಿಂತ ಕೆಳಗೆ ಇಳಿಸಲಾಗದಿದ್ದರೆ ಆ ಲಾಭದಲ್ಲಿ ಅರ್ಧ ಕೈತಪ್ಪಿದಂತೆ.

ಪೆಟ್ರೋಲ್ ವಾಹನಗಳಲ್ಲಿ ಬಿಸಿ ಗಾಳಿಯಿಂದ ಇನ್ನೂ ಒಂದು ತೊಂದರೆಯುಂಟು. ಮಿಶ್ರಣವು ಕಾಲಕ್ಕೆ ಮುಂಚೆಯೇ ಹೊತ್ತಿಕೊಂಡು ಇಂಜಿನ್ ಬಡಿಯತೊಡಗುತ್ತದೆ. ಇದನ್ನು ತಡೆಯಲು ವಾಹನದ ಕಂಪ್ಯೂಟರ್ ತಾನೇ ಶಕ್ತಿಯನ್ನು ತಗ್ಗಿಸುತ್ತದೆ. ಸಂಜೆ ಚೆನ್ನಾಗಿ ಓಡುವ ಕಾರು ಮಧ್ಯಾಹ್ನ ಮಂಕಾಗುವುದಕ್ಕೆ ಇದು ಒಂದು ಕಾರಣ.

ಎಳೆತದ ವಿಳಂಬ ಎಂದರೇನು

ಆಕ್ಸಿಲರೇಟರ್ ಒತ್ತಿದ ಕೂಡಲೇ ಹೊಗೆಯ ರಭಸ ಹೆಚ್ಚುವುದಿಲ್ಲ. ಹೊಗೆ ಹೆಚ್ಚಿ, ಚಕ್ರ ವೇಗ ಪಡೆದು, ಕೊಳವೆ ಹಾಗೂ ಇಂಟರ್‌ಕೂಲರಿನಲ್ಲಿ ಒತ್ತಡ ತುಂಬಿದ ಮೇಲೆಯೇ ಎಳೆತ ಬರುತ್ತದೆ. ಈ ನಡುವಿನ ಕಾಲವನ್ನು ಟರ್ಬೊ ಲ್ಯಾಗ್ ಎನ್ನುತ್ತಾರೆ. ಜನರ ಮಾತಿನಲ್ಲಿ ‘ಪಿಕಪ್ ತಡ’. ಸ್ವಲ್ಪ ಮಟ್ಟಿನ ವಿಳಂಬವು ಟರ್ಬೊ ವಾಹನದ ಸಹಜ ಗುಣವೇ ಹೊರತು ದೋಷವಲ್ಲ. ಹಿಂದೆ ಇಲ್ಲದಿದ್ದ ವಿಳಂಬ ಹೊಸದಾಗಿ ಕಾಣಿಸಿಕೊಂಡರೆ ಅಥವಾ ಎಳೆತದ ಜೊತೆಗೆ ಕಪ್ಪು ಹೊಗೆ ಬಂದರೆ ಮಾತ್ರ ಪರಿಶೀಲನೆ ಅಗತ್ಯ.

ಈ ಭಾಗದ ಚಾಲಕರಿಗೆ ಎತ್ತರದ ವಿಷಯವೂ ಸಂಬಂಧಿಸಿದೆ. ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ಕೊಳ್ಳೇಗಾಲದಿಂದ ತಿ. ನರಸೀಪುರ, ಮೈಸೂರು, ನಂಜನಗೂಡು ಮಾರ್ಗವಾಗಿ ಗುಂಡ್ಲುಪೇಟೆಯತ್ತ ಸಾಗುತ್ತದೆ. ಎರಡೂ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ವಾಯುವಿನ ಒತ್ತಡ ಕಡಲತೀರಕ್ಕಿಂತ ಶೇಕಡ 7ರಷ್ಟು ಕಡಿಮೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಸುಮಾರು 2,240 ಮೀಟರ್ ಎತ್ತರದ ಊಟಿಯನ್ನು ತಲುಪುವಾಗ ಈ ಕೊರತೆ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗವಾಗುತ್ತದೆ. ಟರ್ಬೊ ಇದನ್ನು ತುಂಬಿಕೊಡಬಲ್ಲುದಾದರೂ ಅದಕ್ಕಾಗಿ ಹೆಚ್ಚು ವೇಗದಲ್ಲಿ ಸುತ್ತಬೇಕು, ಗಾಳಿ ಹೆಚ್ಚು ಬಿಸಿಯಾಗುತ್ತದೆ, ವಿಳಂಬವೂ ಹೆಚ್ಚುತ್ತದೆ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ಕೊಕ್ಕೆ ತಿರುವುಗಳಲ್ಲಾಗಲಿ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಏರಿನಲ್ಲಾಗಲಿ ವೇಗ ಕಡಿಮೆ, ಮುಂಭಾಗದಿಂದ ಬರುವ ಗಾಳಿಯೂ ಕಡಿಮೆ, ಇಂಜಿನ್ ಮೇಲಿನ ಭಾರ ಮಾತ್ರ ಗರಿಷ್ಠ. ಇಂತಹ ಕಡೆ ಇಂಜಿನ್ ನರಳುವವರೆಗೂ ಮೇಲಿನ ಗೇರಿನಲ್ಲಿಯೇ ಎಳೆಯದೆ, ತಿರುವಿಗೆ ಮುಂಚೆಯೇ ಕೆಳಗಿನ ಗೇರಿಗೆ ಬದಲಾಯಿಸಿ ಇಂಜಿನ್ನಿನ ಸುತ್ತನ್ನು ಕಾಯ್ದುಕೊಂಡರೆ ವಿಳಂಬದ ಬಹುಪಾಲು ತಾನಾಗಿಯೇ ಇಲ್ಲವಾಗುತ್ತದೆ. ಇದಕ್ಕೆ ಯಾವ ಬಿಡಿಭಾಗವೂ ಬೇಡ, ಯಾರ ಅನುಮತಿಯೂ ಬೇಡ.

ವಿಳಂಬವಿರುವ ವಾಹನದಲ್ಲಿ ಎದುರಿನ ವಾಹನವನ್ನು ನೋಡಿ ‘ಈಗ ಎಳೆಯುತ್ತದೆ’ ಎಂಬ ಅಂದಾಜಿನಿಂದ ಮುಂದಿನ ವಾಹನವನ್ನು ಹಿಂದಿಕ್ಕಲು ಹೋಗುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಬಂಡೀಪುರ ಅರಣ್ಯದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವ ಕಾರಣ, ಗೇಟು ಮುಚ್ಚುವ ಮುನ್ನ ತಲುಪಬೇಕೆಂಬ ಅವಸರದ ಚಾಲಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಇಂಟರ್‌ಕೂಲರನ್ನು ತಂಪಾಗಿರಿಸುವ ಬಗೆ

ಬಹುತೇಕ ಕಾರುಗಳಲ್ಲಿ ಇಂಟರ್‌ಕೂಲರ್ ಮುಂಭಾಗದ ಬಂಪರಿನ ಹಿಂದೆ, ಕೆಳಮಟ್ಟದಲ್ಲಿ ಇರುತ್ತದೆ. ಕೆಲವು ವಾಹನಗಳಲ್ಲಿ ಇಂಜಿನ್ನಿನ ಮೇಲೆಯೇ ಇದ್ದು ಬಾನೆಟ್ಟಿನಲ್ಲಿ ಗಾಳಿಗಂಡಿ ಇರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಭತ್ತದ ಕೊಯ್ಲಿನ ಕಾಲದಲ್ಲಿ ನಾಲಾ ಬಯಲಿನ ರಸ್ತೆಗಳಲ್ಲಿ ಓಡಾಡುವ ವಾಹನಗಳ ಜಾಲರಿಗೆ ಧೂಳು, ಹೊಟ್ಟು, ಕಬ್ಬಿನ ತರಗು ಹಾಗೂ ಸಂಜೆಯ ಹುಳುಗಳು ಮೆತ್ತಿಕೊಳ್ಳುತ್ತವೆ. ಹೊರಗಿನಿಂದ ನೋಡಿದಾಗ ಎದುರಿಗಿರುವ ಏರ್ ಕಂಡಿಷನರ್ ಜಾಲರಿ ಸ್ವಚ್ಛವಾಗಿಯೇ ಕಂಡರೂ, ಅದರ ಮತ್ತು ಇಂಟರ್‌ಕೂಲರಿನ ನಡುವಿನ ಸಂದಿಯಲ್ಲಿ ಹೊಟ್ಟು ಕಂಬಳಿಯಂತೆ ಕಟ್ಟಿರುವುದುಂಟು. ಸರ್ವಿಸ್ ಮಾಡಿಸುವಾಗ ಆ ಸಂದಿಯನ್ನು ತೋರಿಸಿ ಸ್ವಚ್ಛಗೊಳಿಸುವಂತೆ ಕೇಳಿಕೊಳ್ಳುವುದು ಸೂಕ್ತ. ನೀರನ್ನು ಇಂಜಿನ್ ತಣಿದ ಮೇಲೆ, ಸಾಧಾರಣ ಒತ್ತಡದಲ್ಲಿ, ಸಾಧ್ಯವಾದರೆ ಒಳಗಿನಿಂದ ಹೊರಕ್ಕೆ ಹಾಯಿಸಬೇಕು. ವಾಟರ್ ಸರ್ವಿಸ್ ಅಂಗಡಿಯ ಹೆಚ್ಚಿನ ಒತ್ತಡದ ಪಿಚಕಾರಿಯನ್ನು ಹತ್ತಿರದಿಂದ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಮುಂಭಾಗದ ಜಾಲರಿಯ ಎದುರು ಕಬ್ಬಿಣದ ಕಂಬಿ, ಹೆಚ್ಚುವರಿ ದೀಪಗಳು, ಅಗಲವಾದ ಫಲಕಗಳನ್ನು ಅಳವಡಿಸುವುದರಿಂದ ಇಂಟರ್‌ಕೂಲರಿಗೆ ದೊರೆಯಬೇಕಾದ ಗಾಳಿ ತಡೆಯಲ್ಪಡುತ್ತದೆ. ಕಬ್ಬಿಣದ ಕಂಬಿಗಳ (ಬುಲ್ ಬಾರ್) ಅಳವಡಿಕೆಯು ಮೋಟಾರು ವಾಹನಗಳ ಕಾಯ್ದೆಯ 52ನೇ ಪ್ರಕರಣಕ್ಕೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಆದ್ದರಿಂದ ತಪಾಸಣೆಗೆ ಬರುವ ಮುನ್ನ ಇವನ್ನು ತೆಗೆಯಿಸುವುದು ಎರಡು ದೃಷ್ಟಿಯಿಂದಲೂ ಒಳ್ಳೆಯದು.

ನಂಜನಗೂಡಿನ ದೊಡ್ಡ ಜಾತ್ರೆ, ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಮೂರು ವರ್ಷಗಳಿಗೊಮ್ಮೆ ನಡೆಯುವ ಕುಂಭಮೇಳದಂತಹ ಸಂದರ್ಭಗಳಲ್ಲಿ ವಾಹನಗಳು ಗಂಟೆಗಟ್ಟಲೆ ಆಮೆವೇಗದಲ್ಲಿ ಸಾಗುತ್ತವೆ. ಆಗ ಗಾಳಿಯ ಹರಿವಿಲ್ಲದೆ ಇಂಜಿನ್ನಿನ ಶಾಖವನ್ನೆಲ್ಲ ಇಂಟರ್‌ಕೂಲರ್ ಹೀರಿಕೊಂಡಿರುತ್ತದೆ. ಸಂದಣಿ ಬಿಟ್ಟೊಡನೆ ವಾಹನ ಮಂಕಾಗಿ ಕಂಡರೆ ಗಾಬರಿ ಬೇಡ; ಕೆಲವು ನಿಮಿಷ ಸಾಧಾರಣ ವೇಗದಲ್ಲಿ ಓಡಿಸಿದರೆ ಸರಿಹೋಗುತ್ತದೆ. ವೇಗವಾಗಿ ಅಥವಾ ಏರು ಹತ್ತಿ ಬಂದ ವಾಹನವನ್ನು ನಿಲ್ಲಿಸಿದ ತಕ್ಷಣ ಇಂಜಿನ್ ಬಂದ್ ಮಾಡದೆ ಒಂದು ನಿಮಿಷ ನಿಧಾನಗತಿಯಲ್ಲಿ ಬಿಟ್ಟರೆ ಟರ್ಬೊ ದಂಡಕ್ಕೆ ಎಣ್ಣೆ ಹರಿಯುತ್ತಿದ್ದು ಅದರ ಬಾಳಿಕೆ ಹೆಚ್ಚುತ್ತದೆ.

ಜಾಲರಿಯ ಮೇಲೆ ನೀರು ಸಿಂಪಡಿಸುವ ಸಾಧನ, ಮಂಜುಗಡ್ಡೆಯ ಪೆಟ್ಟಿಗೆ ಮುಂತಾದವು ಸ್ಪರ್ಧೆಯ ಕಾರುಗಳಿಗೆ ಸಂಬಂಧಿಸಿದವು. ಊರಿನಿಂದ ಊರಿಗೆ ಹೋಗುವವರಿಗೆ ಇವುಗಳಿಂದ ಪ್ರಯೋಜನವಿಲ್ಲ.

ರಸ್ತೆಯ ಮೇಲಿನ ಒಕ್ಕಣೆ

ರಾಗಿ, ಹುರುಳಿ ಮುಂತಾದ ಬೆಳೆಯನ್ನು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಿಸುವ ರೂಢಿ ಮೈಸೂರು ಭಾಗದ ಹಲವು ರಸ್ತೆಗಳಲ್ಲಿ ಇನ್ನೂ ಇದೆ. ಹುರುಳಿಯ ಬಳ್ಳಿಯು ಹಗ್ಗದಂತೆ ವಾಹನದ ಕೆಳಭಾಗಕ್ಕೆ ಸುತ್ತಿಕೊಳ್ಳುತ್ತದೆ. ಟರ್ಬೊ ವಾಹನದ ನಿಷ್ಕಾಸ ಭಾಗವು ಭಾರದಲ್ಲಿ ಓಡುವಾಗ ಡೀಸೆಲ್‌ನಲ್ಲಿ 700 ಡಿಗ್ರಿ, ಪೆಟ್ರೋಲ್‌ನಲ್ಲಿ 900 ಡಿಗ್ರಿಗೂ ಮೇಲ್ಪಟ್ಟ ಹೊಗೆಯನ್ನು ಹೊತ್ತಿರುತ್ತದೆ. ಒಣಹುಲ್ಲು ಹೊತ್ತಿಕೊಳ್ಳಲು ಇದರ ಅರ್ಧ ಶಾಖವೂ ಬೇಡ. ಇಂತಹ ಹರವಿನ ಮೇಲೆ ಅನಿವಾರ್ಯವಾಗಿ ಸಾಗಬೇಕಾದಲ್ಲಿ ನಿಧಾನವಾಗಿ ದಾಟಿ, ತುಸು ದೂರದಲ್ಲಿ ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಕೆಳಭಾಗವನ್ನು ಪರೀಕ್ಷಿಸತಕ್ಕದ್ದು. ಹುಲ್ಲಿನ ಮೇಲೆಯೇ ವಾಹನ ನಿಲ್ಲಿಸಬಾರದು. ಸುಟ್ಟ ವಾಸನೆ ಬಂದಲ್ಲಿ ಮೊದಲು ಪ್ರಯಾಣಿಕರನ್ನು ಇಳಿಸಬೇಕು. ಅಗ್ನಿಶಾಮಕ ಸೇವೆಗೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು. ರೈತ ಬಾಂಧವರು ಕಣದಲ್ಲಿಯೇ ಒಕ್ಕಣೆ ಮಾಡಿಕೊಳ್ಳುವಂತೆ ಕೋರಲಾಗಿದೆ.

ಹೊಗೆ ತಪಾಸಣೆ ಮತ್ತು ಇಂಟರ್‌ಕೂಲರ್

ಡೀಸೆಲ್ ವಾಹನದ ತಪಾಸಣೆಯಲ್ಲಿ ವಾಹನವನ್ನು ನಿಲ್ಲಿಸಿ, ಇಂಜಿನ್ ಬಿಸಿಯಾದ ಮೇಲೆ, ನಿಧಾನಗತಿಯಿಂದ ಒಮ್ಮೆಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹೊಗೆಯ ದಟ್ಟಣೆಯನ್ನು ಅಳೆಯಲಾಗುತ್ತದೆ. ಇದನ್ನು ಹಲವು ಬಾರಿ ಪುನರಾವರ್ತಿಸಿ ಸ್ಥಿರವಾದ ಅಳತೆಯನ್ನು ದಾಖಲಿಸಲಾಗುತ್ತದೆ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ವಾಹನಗಳಿಗೆ 65 ಹಾರ್ಟ್‌ರಿಜ್ ಮಾನ (ಹೀರಿಕೆ ಗುಣಾಂಕ ಮೀಟರಿಗೆ 2.45), ಭಾರತ್ ಸ್ಟೇಜ್ 4ರ ವಾಹನಗಳಿಗೆ 50 ಮಾನ (1.62) ಮಿತಿಯಾಗಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ವಾಹನಗಳಿಗೆ ಮಿತಿ ಇನ್ನೂ ಬಿಗಿ.

ಗಮನಿಸಬೇಕಾದ ಅಂಶವೆಂದರೆ, ಒಮ್ಮೆಲೇ ಆಕ್ಸಿಲರೇಟರ್ ಒತ್ತುವ ಆ ಗಳಿಗೆಯೇ ಟರ್ಬೊ ವಿಳಂಬದ ಗಳಿಗೆ. ಇಂಧನ ಬಂದಿರುತ್ತದೆ, ಗಾಳಿ ಇನ್ನೂ ಬಂದಿರುವುದಿಲ್ಲ. ಸುಸ್ಥಿತಿಯ ವಾಹನದಲ್ಲಿ ಈ ಕೊರತೆಯನ್ನು ಇಂಜಿನ್ ವ್ಯವಸ್ಥೆಯೇ ಅರಿತು ಇಂಧನವನ್ನು ತಡೆಹಿಡಿಯುತ್ತದೆ. ಆದರೆ ಗಾಳಿಯನ್ನು ಏರ್ ಫಿಲ್ಟರಿನ ಬಳಿಯೇ ಅಳೆಯುವ ವಾಹನಗಳಲ್ಲಿ, ಅಳತೆಯಾದ ಗಾಳಿಯು ಮುಂದೆ ಇಂಟರ್‌ಕೂಲರಿನ ಹೋಸಿನ ಬಿರುಕಿನಿಂದ ಸೋರಿಹೋದರೆ ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ. ಇಲ್ಲದ ಗಾಳಿಗೆ ಇಂಧನ ಸುರಿಯುತ್ತದೆ. ಕಪ್ಪು ಹೊಗೆ ಬರುತ್ತದೆ. ವಾಹನ ಅನುತ್ತೀರ್ಣವಾಗುತ್ತದೆ, ಮೈಲೇಜೂ ಕುಸಿದಿರುತ್ತದೆ.

ಆದುದರಿಂದ ತಪಾಸಣೆಗೆ ಹೋಗುವ ಮುನ್ನ ಏರ್ ಫಿಲ್ಟರ್ ಕಟ್ಟಿಲ್ಲವೆಂದು ನೋಡಿ, ಟರ್ಬೊವಿನಿಂದ ಇಂಟರ್‌ಕೂಲರಿಗೂ ಅಲ್ಲಿಂದ ಇಂಜಿನ್ನಿಗೂ ಹೋಗುವ ಹೋಸುಗಳನ್ನು, ಅವುಗಳ ಕ್ಲ್ಯಾಂಪುಗಳನ್ನು ಪರೀಕ್ಷಿಸಿಕೊಳ್ಳಬೇಕು. ಎಳೆಯುವಾಗ ಸುಯ್ ಎಂಬ ಸದ್ದು, ಕೀಲಿನ ಸುತ್ತ ಎಣ್ಣೆಯೊಂದಿಗೆ ಕಟ್ಟಿದ ಧೂಳು, ಮುಟ್ಟಿದರೆ ಉಬ್ಬಿದಂತೆ ಮೆತ್ತಗಿರುವ ರಬ್ಬರು ಇವು ಸೋರಿಕೆಯ ಗುರುತುಗಳು. ಇಂಜಿನ್ ನಿಂತಲ್ಲೇ ಓಡುವಾಗ ಒತ್ತಡ ಅಲ್ಪವಾದ್ದರಿಂದ ಬರಿಗಣ್ಣಿಗೆ ಏನೂ ಕಾಣದಿರಬಹುದು. ಕೊಳವೆಗೆ ಮಿತವಾದ ಒತ್ತಡದ ಗಾಳಿ ತುಂಬಿ ನೋಡುವ ಪದ್ಧತಿ ಗ್ಯಾರೇಜುಗಳಲ್ಲಿದೆ. ಹೋಸಿನೊಳಗೆ ಎಣ್ಣೆಯ ತೆಳು ಪಸೆ ಇರುವುದು ಸಾಮಾನ್ಯ. ಬಟ್ಟಲಿನಷ್ಟು ಎಣ್ಣೆ ನಿಂತಿದ್ದರೆ ಟರ್ಬೊವಿನ ಸೀಲನ್ನು ಪರೀಕ್ಷಿಸಿ, ಇಂಟರ್‌ಕೂಲರನ್ನು ಬಿಚ್ಚಿ ತೊಳೆಯಿಸಬೇಕು. ಇಷ್ಟೆಲ್ಲ ಸರಿಯಿದ್ದೂ ವಿಳಂಬ ಉಳಿದರೆ ಟರ್ಬೊವಿನೊಳಗಿನ ಚಲಿಸುವ ರೆಕ್ಕೆಗಳು ಮಸಿಯಿಂದ ಸಿಕ್ಕಿಕೊಂಡಿವೆಯೇ, ಹೊಗೆಯನ್ನು ಮರಳಿ ಒಳಗೆ ಬಿಡುವ ಕವಾಟ ಮುಚ್ಚಿಕೊಳ್ಳುತ್ತಿದೆಯೇ ಎಂದು ನೋಡಿಸತಕ್ಕದ್ದು.

ಹಳೆಯ ವಾಹನಗಳಲ್ಲಿ ಎಳೆತಕ್ಕೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವುದು, ತಪಾಸಣೆಯ ದಿನ ತಗ್ಗಿಸಿ ಮರುದಿನ ಮತ್ತೆ ಹೆಚ್ಚಿಸುವುದು ಕಂಡುಬರುವ ಅಭ್ಯಾಸ. ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಬರುವುದು ಹೆಚ್ಚಾಗಿ ಹೊಗೆಯೇ. ವಾಯುಮಾಲಿನ್ಯದ ಮಾನಕ ಉಲ್ಲಂಘಿಸುವ ವಾಹನ ಚಾಲನೆಗೆ ಕಾಯ್ದೆಯ 190(2)ನೇ ಪ್ರಕರಣದನ್ವಯ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚಾಲನಾ ಪರವಾನಗಿಗೂ ಮೂರು ತಿಂಗಳ ಅನರ್ಹತೆ ಉಂಟು.

ಮಾರ್ಪಾಡು: ಯಾವುದಕ್ಕೆ ಅವಕಾಶ, ಯಾವುದಕ್ಕೆ ಇಲ್ಲ

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನು ಎತ್ತಿಹಿಡಿದು, ರಾಜ್ಯದ ನಿಯಮಗಳು ಕಾಯ್ದೆಗೆ ಅಧೀನವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ(4)ನೇ ಪ್ರಕರಣವು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ‘ಪ್ರತಿಯೊಂದು’ ಎಂಬ ಪದವನ್ನು ಗಮನಿಸುವುದು.

ಹಾಳಾದ ಇಂಟರ್‌ಕೂಲರ್, ಹೋಸು ಅಥವಾ ಟರ್ಬೊವನ್ನು ತಯಾರಕರು ಅದೇ ಮಾದರಿಗೆ ಸೂಚಿಸಿದ ಬಿಡಿಭಾಗದಿಂದಲೇ ಬದಲಾಯಿಸುವುದು ದುರಸ್ತಿ; ಅದಕ್ಕೆ ಅರ್ಜಿ ಬೇಕಿಲ್ಲ. ಆದರೆ ಬಿಲ್ಲನ್ನು ಕಾಯ್ದಿರಿಸಿಕೊಳ್ಳುವುದು ಲೇಸು. ಟರ್ಬೊ ಇಲ್ಲದ ಇಂಜಿನ್ನಿಗೆ ಟರ್ಬೊ ಕೂಡಿಸುವುದು, ಬೇರೆ ಮಾದರಿಯ ಇಂಜಿನ್ ಇಡುವುದು, ಕಂಪ್ಯೂಟರಿನ ಆದೇಶಗಳನ್ನು ಬದಲಾಯಿಸಿ ಶಕ್ತಿ ಹೆಚ್ಚಿಸುವುದು (ಗ್ಯಾರೇಜಿನ ಮಾತಿನಲ್ಲಿ ‘ರೀಮ್ಯಾಪ್’), ಹೊಗೆ ಶುದ್ಧೀಕರಿಸುವ ಭಾಗವನ್ನು ತೆಗೆದುಹಾಕುವುದು ಬೇರೆ ವಿಷಯ. ಪ್ರತಿಯೊಂದು ಮಾದರಿಯ ವಾಹನವೂ ಮಾರುಕಟ್ಟೆಗೆ ಬರುವ ಮುನ್ನ ಕೇಂದ್ರ ಮೋಟಾರು ವಾಹನಗಳ ನಿಯಮ 126ರನ್ವಯ ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಯಲ್ಲಿ ಪರೀಕ್ಷೆಗೊಳಪಟ್ಟಿರುತ್ತದೆ. ಮೇಲ್ಕಂಡ ಬದಲಾವಣೆಗಳಾದ ವಾಹನ ಆ ಪರೀಕ್ಷೆಯಾದ ವಾಹನವಾಗಿ ಉಳಿಯುವುದಿಲ್ಲ. ಅಪಘಾತವಾದಾಗ ವಿಮಾ ಪರಿಹಾರದ ಬಗ್ಗೆ ತಕರಾರು ಏಳುವುದೂ ಇಲ್ಲಿಯೇ.

ದೊಡ್ಡ ಇಂಟರ್‌ಕೂಲರ್ ಹಾಕಿಸಿದರೆ ಎಳೆತ ಹೆಚ್ಚುತ್ತದೆಂಬ ಮಾತು ಪ್ರಚಲಿತವಿದೆ. 1.5 ಲೀಟರಿನ ಇಂಜಿನ್ ನಿಮಿಷಕ್ಕೆ 2,000 ಸುತ್ತಿನಲ್ಲಿ, ಟರ್ಬೊ ಒತ್ತಡವಿಲ್ಲದಾಗ, ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಎಳೆಯುತ್ತದೆ. ಜಾಲರಿ ಮತ್ತು ಕೊಳವೆಯಲ್ಲಿ 5 ಲೀಟರ್ ಹೆಚ್ಚುವರಿ ಜಾಗವಾದರೆ, ಅದನ್ನು ಇಮ್ಮಡಿ ಒತ್ತಡಕ್ಕೆ ತುಂಬಲು ಇಂಜಿನ್ ಒಂದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಉಸಿರಾಡುವಷ್ಟು ಗಾಳಿ ಅಲ್ಲಿಯೇ ಖರ್ಚಾಗುತ್ತದೆ. ಹೀಗೆ ತಂಪು ಹೆಚ್ಚಿದರೂ ಕೆಳವೇಗದಲ್ಲಿ ವಿಳಂಬ ಕಡಿಮೆಯಾಗುವ ಬದಲು ತುಸು ಹೆಚ್ಚುತ್ತದೆ. ಪಟ್ಟಣದ ಓಡಾಟಕ್ಕೆ ತಯಾರಕರು ಕೊಟ್ಟ ಅಳತೆಯ ಜಾಲರಿಯನ್ನು ಸ್ವಚ್ಛವಾಗಿಟ್ಟುಕೊಳ್ಳುವುದೇ ಲಾಭಕರ.

ಅರ್ಜಿ ಸಲ್ಲಿಸುವ ವಿಧಾನ

ಮೈಸೂರಿನಲ್ಲಿ ಪಶ್ಚಿಮ (ಕೆಎ 09) ಮತ್ತು ಪೂರ್ವ (ಕೆಎ 55) ಎಂಬ ಎರಡು ಪ್ರಾದೇಶಿಕ ಸಾರಿಗೆ ಕಚೇರಿಗಳಿವೆ. ಅರ್ಜಿದಾರರು ತಮ್ಮ ನೋಂದಣಿ ಪತ್ರದಲ್ಲಿ ನಮೂದಾಗಿರುವ ಪ್ರಾಧಿಕಾರವನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಅರ್ಜಿ ಮತ್ತು ಶುಲ್ಕವನ್ನು ಕೇಂದ್ರದ ಪರಿವಾಹನ್ ಜಾಲತಾಣದ ವಾಹನ್ ವಿಭಾಗದಲ್ಲಿ ಸಲ್ಲಿಸಬಹುದು.

ಸ್ವಂತ ಕಾರಿನ ನೋಂದಣಿಯು 15 ವರ್ಷ ಊರ್ಜಿತವಿದ್ದು, ಅನಂತರ ಐದು ವರ್ಷಗಳ ಅವಧಿಗೆ ನವೀಕರಿಸಲಾಗುತ್ತದೆ. ನಮೂನೆ 25ರ ಅರ್ಜಿಯನ್ನು ಅವಧಿ ಮುಗಿಯುವ 60 ದಿನಗಳೊಳಗಾಗಿ ಮುಂಚಿತವಾಗಿ ಸಲ್ಲಿಸಬಹುದು. ಬಾಡಿಗೆ ವಾಹನಗಳ ಅರ್ಹತಾ ಪತ್ರವನ್ನು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ತದನಂತರ ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ತಪಾಸಣೆಗೆ ವಾಹನವನ್ನು ಹಾಜರುಪಡಿಸುವಾಗ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣಾ ಪತ್ರ ಜೊತೆಗಿರತಕ್ಕದ್ದು. ಇಂಜಿನ್ ಕೋಣೆಯನ್ನು ತೊಳೆಯಿಸಿ ತಂದರೆ ಇಂಜಿನ್ ಸಂಖ್ಯೆ ಓದಲು ನಿರೀಕ್ಷಕರಿಗೆ ಸುಲಭವಾಗುತ್ತದೆ.

ಇಂಜಿನ್ ಬದಲಾವಣೆಯಂತಹ ಮಾರ್ಪಾಡಿಗೆ ಕೆಲಸ ಪ್ರಾರಂಭಿಸುವ ಮುನ್ನವೇ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ಸಾಲದ ಮೇಲೆ ಖರೀದಿಸಿದ ವಾಹನವಾದರೆ ಸಾಲ ನೀಡಿದವರ ಲಿಖಿತ ಒಪ್ಪಿಗೆ, ಬದಲಿ ಇಂಜಿನ್ನಿನ ಖರೀದಿ ಬಿಲ್ಲು ಮತ್ತು ವಿಮಾ ಕಂಪನಿಗೆ ನೀಡಿದ ತಿಳುವಳಿಕೆಯ ಪ್ರತಿಯನ್ನು ಜೊತೆಗಿರಿಸಿಕೊಳ್ಳುವುದು ಒಳಿತು. ಈ ಹಿಂದೆಯೇ ಅನುಮತಿಯಿಲ್ಲದೆ ಬದಲಾವಣೆ ಮಾಡಿಸಿರುವ ಮಾಲೀಕರು, ಅಥವಾ ಅಂತಹ ವಾಹನವನ್ನು ಹಳೆಯದಾಗಿ ಕೊಂಡವರು, ತಪಾಸಣೆಗೆ ಬರುವ ಮೊದಲು ವಾಹನವನ್ನು ಮೂಲಸ್ಥಿತಿಗೆ ತಂದುಕೊಳ್ಳತಕ್ಕದ್ದು. ಹಳೆಯ ವಾಹನ ಕೊಳ್ಳುವವರು ಹಣ ಕೊಡುವ ಮುನ್ನ ಇಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಿ, ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿಸಿ ಹೊಗೆಯ ಬಣ್ಣವನ್ನು ಗಮನಿಸುವುದು.